ಮೂಲೆಯ ಕೆಂಪು ಗುರುತು

ತತೆಯಾಮಾ ಬೆಟ್ಟದ ತಂಗುಮನೆ, ಜೂನ್

ಅಜ್ಜಿಯವರ ಸನ್ನಿಧಾನಕ್ಕೆ, ಅವರ ಮುದ್ರೆ ಇನ್ನೂ ದೊರಕದ ಮೊಮ್ಮಗ ಕನಾಮೆಯ ವಿನಂತಿ.

ಕಣ್ಣೆದುರು ಇದ್ದದ್ದನ್ನು ಇದ್ದಂತೆಯೇ ಬರೆದ ದಿನ ನನ್ನ ಜಲವರ್ಣದ ಚಿತ್ರಕ್ಕೆ ನಿಮ್ಮ ಒಪ್ಪಿಗೆಯ ಕೆಂಪು ಮುದ್ರೆ ಒತ್ತುವೆನೆಂದಿದ್ದಿರಿ. (ಹಿಂದಿನ ಚಿತ್ರದಲ್ಲಿ ಕೊಕ್ಕರೆಗೆ ಚಿಕ್ಕಪ್ಪನ ಮೂಗು ಇಟ್ಟದ್ದನ್ನು ದಯವಿಟ್ಟು ಮರೆಯಿರಿ.) ಇಂದು ಬೆಳಿಗ್ಗೆ ಹಿಮದ ಅಂಚಿನಲ್ಲಿ ಕಾಲ್ಬೆರಳಿನವರೆಗೂ ಪುಕ್ಕವಿರುವ, ಬೆಟ್ಟದ ಕೋಳಿಯಂಥ ಗಂಡು ರಾಯಿಚೋ ಹಕ್ಕಿಯೊಂದು ಕುಳಿತಿತ್ತು. ಹುಬ್ಬಿನ ಕೆಂಪನ್ನೂ ಬಿಡದೆ ಕಂಡಂತೆಯೇ ಬರೆದೆ. ನಿಮ್ಮ ಮುದ್ರೆಗೆಂದು ಮೂಲೆಯನ್ನು ಖಾಲಿ ಬಿಟ್ಟು, ಪುಸ್ತಕವನ್ನು ಒಣಗಲು ಬಂಡೆಯ ಮೇಲಿಟ್ಟೆ. ಹಕ್ಕಿಯವರು ಗಂಭೀರವಾಗಿ ನಡೆದು ಬಂದು, ತಟ್ಟೆಯ ಕೆಂಪು ಬಣ್ಣದಲ್ಲಿ ಕಾಲಿಟ್ಟು, ಸರಿಯಾಗಿ ಆ ಮೂಲೆಯನ್ನೇ ತುಳಿದು ಹೋದರು.

"ನಿಮ್ಮಜ್ಜಿ ನಂಬಲ್ಲ ಕಣೋ. ಇದೂ ನಿನ್ನದೇ ಕಿತಾಪತಿ ಅಂತಾಳೆ," ಎಂದರು ಜೊತೆಗಿದ್ದ ಚಿಕ್ಕಪ್ಪ.

"ನೀವು ಸಾಕ್ಷಿ ಹೇಳಿ, ಚಿಕ್ಕಪ್ಪ."

"ಕೊಕ್ಕರೆ ಸಾಕ್ಷಿ ಹೇಳಿದ್ರೆ ಯಾರಪ್ಪ ನಂಬ್ತಾರೆ?"

ನನ್ನ ನೆಗಡಿ ಇಳಿದಿದೆ. ನೀವು ಕಟ್ಟಿಕೊಟ್ಟ ಉಪ್ಪಿನ ಉಮೆ ಹಣ್ಣು ಮುಗಿದಿದೆ. ಭಾನುವಾರ ಚಿತ್ರ ತರುತ್ತೇನೆ. ಭೂತಗನ್ನಡಿ ಹಿಡಿದು ನೋಡಿ: ಆ ಹೆಜ್ಜೆಯ ಸುತ್ತ ಪುಕ್ಕದ ಸಣ್ಣ ಗೆರೆಗಳಿವೆ, ನನ್ನ ಬೆರಳಿಗೆ ಪುಕ್ಕವಿಲ್ಲ. ಒಪ್ಪಿಗೆಯಾದರೆ ಅದರ ಪಕ್ಕದಲ್ಲಿ, ಕೊಂಚ ಒತ್ತರಿಸಿದರೆ, ನಿಮ್ಮ ಮುದ್ರೆಗೂ ಜಾಗವಿದೆ.

ಕನಾಮೆ