ಕಾಲು ನೆಟ್ಟಗಾದ ಮೇಲೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕಾಲು ಹೇಗಿದೆ ಅಂತ ನೀನು ಕೇಳಿದ್ದೆ. ಊತ ಇಳಿದಿದೆ, ನೆಟ್ಟಗೆ ನಡೆಯುತ್ತೇನೆ. ತಲೆ ಮಾತ್ರ ಕೆಟ್ಟುಹೋಗಿದೆ.

ನಿನಗೆ ಅರ್ಧ ಮಾತ್ರ ಹೇಳಿದ್ದೆ. ಡಿಪೋದಲ್ಲಿ ಬಸ್ಸು ನಿಲ್ಲಿಸಿ ಇಳಿಯುವಾಗ ಕಾಲು ಉಳುಕಿದ್ದು ನಿಜ. ಆಸ್ಪತ್ರೆಗೆ ಓಡಿ ಬಂದದ್ದು ಯಾರು ಅನ್ನುವುದನ್ನು ನುಂಗಿಬಿಟ್ಟೆ. ಡಿಪೋದವರ ಹತ್ತಿರ ನನ್ನ ಮನೆಯವರದು ಅಂತ ಇದ್ದದ್ದು ಅವರ ನಂಬರೊಂದೇ. ಹೌದು, ನಾನು ಬಿಟ್ಟು ಬಂದ ಗಂಡನೇ. ತಮ್ಮ ಬೇಕರಿಯಿಂದ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಬಂದಿದ್ದರು.

ಅವತ್ತಿನಿಂದ ಫಿಸಿಯೋಥೆರಪಿಗೆ ಅವರೇ ಕರೆದುಕೊಂಡು ಹೋಗುತ್ತಿದ್ದಾರೆ. ಅಲ್ಲಿ ವ್ಯಾಯಾಮ ಮಾಡಿಸುವ ಹೆಂಗಸು ಬಲು ಬಿಗಿ. ಕಾಲ್ಬೆರಳಲ್ಲಿ ಟವೆಲ್ ಎಳೆಸುತ್ತಾರೆ, ಪಾದಕ್ಕೆ ರಬ್ಬರ್ ಪಟ್ಟಿ ಹಾಕಿ ಜಗ್ಗಿಸುತ್ತಾರೆ. ಮೆತ್ತನೆ ದಿಂಬಿನ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ, "ನೆಲ ನೋಡಬೇಡಿ, ಕಾಲನ್ನ ನಂಬಿ" ಅನ್ನುತ್ತಾರೆ. ನಂಬುವುದು ಅಷ್ಟು ಸುಲಭವಾ ಅಕ್ಕಾ? ನನ್ನ ಕೈ ಗೋಡೆ ಹುಡುಕುತ್ತದೆ, ಸಿಗುವುದು ಇವರ ಭುಜ.

ನಿನಗೆ ಗೊತ್ತಲ್ಲ, ಆ ಮನೆಯಲ್ಲಿ ನಾನು ಜಗಳವಾಡಿದರೂ ಅತ್ತರೂ ಇವರು ತುಟಿ ಬಿಚ್ಚುತ್ತಿರಲಿಲ್ಲ. ಈಗ ನಾನು ಒಂಟಿಕಾಲಲ್ಲಿ ನಿಂತರೆ ಎಲ್ಲರೆದುರು ಜೋರಾಗಿ ಒಂದು, ಎರಡು ಅಂತ ಎಣಿಸುತ್ತಾರೆ. ಅದೂ ಮೋಸದ ಎಣಿಕೆ. ನಾನು ವಾಲಿದೆನೋ, ನಡುವಿನ ಅಂಕಿಗಳನ್ನೆಲ್ಲ ಹಾರಿಸಿ "ಆಯ್ತು, ಆಯ್ತು" ಅನ್ನುತ್ತಾರೆ. ನಗು ಬಂದು ಇನ್ನೂ ವಾಲುತ್ತೇನೆ.

ನಿನ್ನೆ ಆ ಹೆಂಗಸು ತಮ್ಮ ಅಂಗೈಯನ್ನೇ ಬಸ್ಸಿನ ಬ್ರೇಕಿನ ಹಾಗೆ ಹಿಡಿದು ಕಾಲಲ್ಲಿ ಒತ್ತಿಸಿದರು. ಗಟ್ಟಿ ಇದೆ, ಬಸ್ಸು ಓಡಿಸಬಹುದು, ಇನ್ನು ಇಲ್ಲಿಗೆ ಬರಬೇಡಿ ಅಂದರು. ನಾನು ಕುಣಿಯಬೇಕಿತ್ತು. ಹೊರಗೆ ಕಾಯುತ್ತಿದ್ದ ಇವರು ಏನಂದ್ರು ಅಂತ ಕೇಳಿದಾಗ, "ಇನ್ನೂ ಸ್ವಲ್ಪ ದಿನ ಬರ್ಬೇಕಂತೆ" ಅಂದುಬಿಟ್ಟೆ.

ಯಾಕೆ ಅಂದೆನೋ, ನಿನ್ನಾಣೆ ಗೊತ್ತಿಲ್ಲ. ಮತ್ತೆ ಆ ಮನೆಗೆ ಹೋಗುವ ಮನಸ್ಸಂತೂ ಇಲ್ಲ. ಆ ಮೌನ ಇನ್ನೂ ಮರೆತಿಲ್ಲ. ಹಾಗಾದರೆ ಇದೇನು? ರೂಢಿಯೋ, ಕನಿಕರವೋ, ಬರೀ ಸೋಮಾರಿತನವೋ? ಬೇಕಾದರೆ ಬೈದು ಬರೆ. ಆದರೆ ಬೇಗ ಬರೆ.

ನಿನ್ನ ಪೆದ್ದು
ತಂಗಿ

ಕೊನೆಗೊಂದು ಮಾತು: ಕಾಗದ ಮಡಚುತ್ತಿದ್ದಾಗ ಅವರ ಫೋನ್ ಬಂತು. ಥೆರಪಿ ನಿನ್ನೆಗೇ ಮುಗಿಯುತ್ತದೆ ಅಂತ ಆ ಹೆಂಗಸು ಅವರಿಗೆ ಮೊದಲೇ ಹೇಳಿದ್ದರಂತೆ! ನಾಲಿಗೆ ಕಚ್ಚಿಕೊಂಡೆ. ಆದರೂ ಅವರು, "ನಾಳೆ ಎಷ್ಟೊತ್ತಿಗೆ ಬರ್ಲಿ?" ಅಂದರು. ಆಮೇಲೂ ಫೋನ್ ಇಡಲಿಲ್ಲ. ಹೊಸ ಓವನ್ ಒಂದೇ ಪಕ್ಕ ಸುಡುತ್ತದೆ, ಬ್ರೆಡ್ಡು ಸೊಟ್ಟಗಾಗುತ್ತದೆ ಅಂತ ಏನೇನೋ ಹೇಳುತ್ತಲೇ ಇದ್ದರು. ಪೂರ್ತಿ ಕೇಳಿಸಿಕೊಂಡೆ.