ಹೆಸರಿಗೆ ತಿರುಗದ ಮಗು

ಪಾಂಡವಪುರ,
೨೪ ಆಗಸ್ಟ್ ೧೯೯೭, ಭಾನುವಾರ

ಪ್ರೀತಿಯ ದಿಲೀಪನಿಗೆ,

ನಿನ್ನ ತಂದೆಯ ಆಶೀರ್ವಾದಗಳು. ಮಲೇರಿಯಾ ಜ್ವರ ಪೂರ್ತಿ ಇಳಿಯಿತೇ? ಅಸ್ಸಾಮಿನ ಮಳೆಯಲ್ಲಿ ಒದ್ದೆ ಬೂಟು ಹಾಕಿಕೊಂಡು ಓಡಾಡಬೇಡವೆಂದು ನಿನ್ನ ತಾಯಿ ಬರೆಯಹೇಳಿದ್ದಾಳೆ. ಸೈನಿಕನಿಗೆ ಆ ಆಯ್ಕೆ ಇರುವುದಿಲ್ಲವೆಂದರೆ ಒಪ್ಪುವುದಿಲ್ಲ. ಇಲ್ಲಿ ನಾಲೆಗೆ ನೀರು ಬಿಟ್ಟಿದ್ದಾರೆ. ಕೊನೆಯ ತೂಬಿನವರೆಗೆ ನೀರು ಮುಟ್ಟಿಸುವ ತನಕ ನನ್ನಂಥ ನೀರಾವರಿ ಇಂಜಿನಿಯರುಗಳಿಗೆ ರಜೆಯಿಲ್ಲ.

ರಂಜಿತಳ ವಿಷಯವನ್ನು ಸೊಸೆ ಪವಿತ್ರ ನಿನಗೆ ಎಷ್ಟು ತಿಳಿಸಿದ್ದಾಳೋ ನನಗೆ ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ನಿನ್ನ ಮಗಳು ಎಳೆಗೂಸಾಗಿದ್ದಾಗ ಅಳುತ್ತಿರಲಿಲ್ಲ, ಎತ್ತಿಕೊಳ್ಳೆಂದು ಕೈ ಚಾಚುತ್ತಿರಲಿಲ್ಲ. 'ಬಂಗಾರದಂತಾ ಕೂಸು ಕಣವ್ವ, ಮನೇಲಿ ಇರೋದೇ ಗೊತ್ತಾಗಕಿಲ್ಲ' ಎಂದು ಕೇರಿಯವರು ಹೊಗಳಿದರು, ನಾವೂ ಹಿಗ್ಗಿದೆವು. ಮೂರು ತುಂಬಿದರೂ ಮಾತು ಬರಲಿಲ್ಲ. ನಾನು ಚಿಂತಿಸಿದರೆ ನಿನ್ನ ತಾಯಿ, 'ನೀವೂ ಐದು ವರ್ಸಕ್ಕೇ ಬಾಯಿ ಬುಟ್ಟಿದ್ದಂತೆ. ಈಗ್ಲಾದ್ರೂ ಏನ್ ಬೋ ಮಾತಾಡ್ತೀರಾ, ಸುಮ್ಕಿರಿ' ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜೂನಿನಲ್ಲಿ ನಾನೂ ಪವಿತ್ರಳೂ ಮಗುವನ್ನು ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಕಿವಿಯ ದೋಷವಿರಬಹುದೆಂದು ನಾನು ಭಾವಿಸಿದ್ದೆ. ಹಾಗೆಯೇ ಇರಲಿ ಎಂದೂ ಆಶಿಸಿದ್ದೆ, ಕಿವಿಗಾದರೆ ಯಂತ್ರ ಸಿಗುತ್ತದೆ. ಅಲ್ಲಿನ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕ ಹುಡುಗಿ, ಮಗುವಿನ ಬೆನ್ನ ಹಿಂದೆ ಕೂತು ಬಿಸ್ಕತ್ತಿನ ಪೊಟ್ಟಣವನ್ನು ಪರಪರನೆ ಹರಿದರು. ರಂಜಿತ ಥಟ್ಟನೆ ತಿರುಗಿದಳು. ಆಮೇಲೆ ಅವಳ ಹೆಸರು ಹಿಡಿದು ಹಲವು ಬಾರಿ ಕರೆದರು, ಪವಿತ್ರಳೂ ಕರೆದಳು. ತಿರುಗಲಿಲ್ಲ. 'ಕಿವಿ ಚೆನ್ನಾಗಿದೆ ಸಾರ್, ಇದು ಆಟಿಸಂ' ಎಂದರು ಡಾಕ್ಟರು. ಆ ಪದ ನನಗೆ ಹೊಸದು. ಹುಟ್ಟಿನಿಂದಲೇ ಬರುವಂಥದ್ದು, ಔಷಧವಿಲ್ಲ, ತರಬೇತಿಯೊಂದೇ ದಾರಿ, ಅದೂ ಎಳೆಯ ವಯಸ್ಸಿನಲ್ಲೇ ಆಗಬೇಕು ಎಂದು ವಿವರಿಸಿದರು. ಎಷ್ಟು ಗುಣ ಕಾಣಬಹುದೆಂದು ಕೇಳಿದೆ. ಭರವಸೆ ಕೊಡಲಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಇದನ್ನು ಕಲಿಸುವವರು ಯಾರಾದರೂ ಇದ್ದಾರೆಯೇ ಎಂದೆ. ಅವರಿಗೆ ತಿಳಿದಂತೆ ಯಾರೂ ಇಲ್ಲ.

ತಾಯಿ ಅಥವಾ ತಂದೆ ವಾರಕ್ಕೊಮ್ಮೆ ಮಗುವಿನೊಡನೆ ಅಲ್ಲಿಗೆ ಹೋಗಿ ಕಲಿತು, ಮನೆಯಲ್ಲಿ ದಿನವೂ ಮಾಡಿಸಬೇಕು. ಹಾಲಿನ ಲೋಟವನ್ನು ನಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು, ಮಗು ನಮ್ಮ ಮುಖ ನೋಡುವವರೆಗೆ ಕಾಯುವುದು ಮೊದಲನೆಯ ಪಾಠ. ಪವಿತ್ರ ಬಹಳ ಶ್ರದ್ಧೆಯಿಂದ ಮಾಡಿದಳು. ಒಂದು ಬೆಳಿಗ್ಗೆ ರಂಜಿತ ತಾನಾಗಿ ಬಂದು ನನ್ನ ಕೈ ಹಿಡಿದಳು. ಹಿತ್ತಲಿಗೆ ಕರೆದೊಯ್ದು ಆ ಕೈಯನ್ನು ನಲ್ಲಿಯ ಮೇಲಿಟ್ಟಳು. ನನ್ನ ಮುಖವನ್ನು ನೋಡಲಿಲ್ಲ. ನಾವು ಸ್ಪ್ಯಾನರ್ ತೆಗೆದುಕೊಳ್ಳುವಂತೆ ನನ್ನ ಕೈಯನ್ನು ತೆಗೆದುಕೊಂಡಿದ್ದಳು. ಆದರೂ ಆ ದಿನ ನಾನು ಕೆಲಸಕ್ಕೆ ತಡವಾಗಿ ಹೋದೆ.

ಈಗ ಆ ತರಬೇತಿಯೂ ನಿಂತಿದೆ. ಪವಿತ್ರಳಿಗೆ ಏಳು ತಿಂಗಳಾಯಿತೆಂದು ಬೀಗಿತ್ತಿ ಚಿಕ್ಕಬೋರಮ್ಮನವರು ಕಳೆದ ಗುರುವಾರ ಬಂದು ತಾಯಿ, ಮಗಳು ಇಬ್ಬರನ್ನೂ ಬೂಕನಕೆರೆಗೆ ಕರೆದೊಯ್ದರು. ತರಬೇತಿಯ ಮಾತೆತ್ತಿದೆ. 'ಮೊದಲ್ನೇ ಬಾಣ್ತನ ನೀವೇ ಮಾಡ್ಕಂಡ್ರಿ ಬೀಗ್ರೇ. ಇದ್ಕೂ ಕಳ್ಸಕಿಲ್ಲ ಅಂದ್ರೆ ಊರೋರು ನಮ್ ಮಕಕ್ಕೆ ಉಗೀತಾರೆ' ಎಂದರು. ತಪ್ಪು ಮಾತಲ್ಲ. ತುಂಬು ಬಸುರಿ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ಮಗುವನ್ನು ಎಳೆದುಕೊಂಡು ಮೈಸೂರಿಗೆ ಹೋಗುವುದು ಸಾಧ್ಯವಿಲ್ಲ. ಬಾಣಂತನ ಮುಗಿದು ಅವಳು ಹಿಂತಿರುಗುವ ಹೊತ್ತಿಗೆ ರಂಜಿತಳಿಗೆ ನಾಲ್ಕು ಹತ್ತಿರವಾಗಿರುತ್ತದೆ. ಅಲ್ಲಿ ಮಾತು ಬರಲೆಂದು ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಿದ್ದಾರಂತೆ. ಆ ಖಾರಕ್ಕೂ ಮಗು ಅಳದೆ ತಟ್ಟೆ ತಿರುಗಿಸುತ್ತ ಕೂತಿತ್ತಂತೆ. ಬೀಗಿತ್ತಿ ಅದನ್ನು ಒಳ್ಳೆಯ ಸೂಚನೆಯೆಂದು ಹೇಳಿ ಕಳುಹಿಸಿದ್ದಾರೆ.

ಉಳಿದಿರುವವನು ನೀನೊಬ್ಬ. ಮೇಲಧಿಕಾರಿಗಳನ್ನು ಕೇಳಿ ದೀರ್ಘ ರಜೆಯ ಮೇಲೆ ಈಗಲೇ ಬರಲು ಸಾಧ್ಯವೇ ನೋಡು. ಬಂದರೆ ಎಲ್ಲ ಸರಿಹೋಗುತ್ತದೆಂದು ಬರೆಯಲಾರೆ. ಹಾಗೆ ಯಾರೂ ನನಗೆ ಹೇಳಿಲ್ಲ. ರಜೆಯನ್ನು ಹುಟ್ಟುವ ಕೂಸಿನ ನಾಮಕರಣಕ್ಕೆ ಉಳಿಸಿಕೊಳ್ಳುವುದಾಗಿ ಬರೆದಿದ್ದೀಯೆ. ನಿರ್ಧಾರ ನಿನ್ನದು.

ದೇಹವನ್ನು ನೋಡಿಕೋ. ನಿನ್ನ ತಾಯಿಯ ಹಾರೈಕೆಗಳು ಸದಾ ನಿನ್ನೊಡನಿವೆ.

ಇಂತು ನಿನ್ನ ತಂದೆ,
ಪುಟ್ಟಸ್ವಾಮಿ

ಮರೆತ ಮಾತು: ಇದನ್ನು ಅಂಟಿಸುವ ಮುನ್ನ ಬರೆಯುತ್ತಿದ್ದೇನೆ, ನಿನ್ನ ತಾಯಿಗೆ ತಿಳಿಯದು. ರಂಜಿತ 'ಅಪ್ಪಾ' ಅಂದದ್ದನ್ನು ಫೋನಿನಲ್ಲಿ ಕೇಳಿ ಧೈರ್ಯ ಬಂತು, ಇನ್ನು ಅವಸರವಿಲ್ಲ ಎಂದು ನೀನು ಬರೆದಿದ್ದೀಯಲ್ಲ, ಆ ದನಿ ಎಸ್‌ಟಿಡಿ ಬೂತಿನ ತಿಮ್ಮೇಶನ ಮಗಳದು. ಜ್ವರದಲ್ಲಿದ್ದ ನಿನಗೆ ಸಮಾಧಾನವಾಗಲೆಂದು ನಿನ್ನ ತಾಯಿ ಅವಳಿಂದ ಹೇಳಿಸಿದಳು. ರಂಜಿತಳೂ ಅಲ್ಲೇ ಇದ್ದಳು. ಮೊದಲು ರಿಸೀವರನ್ನು ಅವಳ ಕಿವಿಗೇ ಹಿಡಿದಿದ್ದೆವು. ನೀನು ಅವಳ ಹೆಸರು ಹಿಡಿದು ಕರೆಯುತ್ತಿದ್ದೆ. ಅವಳು ಅದರ ಸುರುಳಿ ವೈರನ್ನು ಎಳೆದು ಎಳೆದು ಬಿಡುತ್ತಿದ್ದಳು.