ಬೆಟ್ಟ ದಾಟಿ ಅಕ್ಕನ ಮನೆಗೆ

ರೀ,

ಕಾರ್ಖಾನೆಯಿಂದ ಬಂದವರು ನನ್ನನ್ನು ಕೂಗಿ ಕೂಗಿ ಗಂಟಲು ನೋಯಿಸಿಕೊಳ್ಳಬೇಡಿ. ಅಕ್ಕನ ಮಗುವನ್ನು ನೋಡಲು ಅತ್ತಿಗುಂಡಿಗೆ ಹೊರಟಿದ್ದೇನೆ.

ಅವಳ ಮದುವೆಯಲ್ಲಿ ನಿಮ್ಮ ಎಲೆಗೆ ಪಾಯಸ ತಡವಾಗಿ ಬಂತು. ಪಾಪ, ಅಂಥ ಅನ್ಯಾಯವನ್ನು ಯಾರು ತಾನೇ ಮರೆತಾರು! ಮೊನ್ನೆ ಕೇಳಿದ್ದಕ್ಕೆ, "ಬಸ್ ಹತ್ತಿದ್ರೆ ನೋಡು! ಅಷ್ಟು ಆಸೆ ಇದ್ರೆ ಬೆಟ್ಟ ದಾಟಿ ನಡ್ಕೊಂಡು ಹೋಗು ಮಾರಾಯ್ತಿ" ಅಂದಿರಿ. ಗಂಡನ ಮಾತು ಮೀರುವವಳೇ ನಾನು?

ಪಕ್ಕದ ಮನೆ ಹಾಲಮ್ಮನೂ ಜೊತೆಗಿದ್ದಾಳೆ. ಅವಳ ಅಣ್ಣ ಭದ್ರಾವತಿಯಿಂದ ಕೆಮ್ಮಣ್ಣುಗುಂಡಿಯವರೆಗೆ ಲಾರಿಯಲ್ಲಿ ಬಿಡುತ್ತಾನೆ. ಅಲ್ಲಿಂದ ಬೆಟ್ಟದ ನೆತ್ತಿಯ ಮೇಲೇ ನಡೆದು, ಗಾಳಿಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ, ಸಂಜೆಯೊಳಗೆ ಆ ಕಡೆ ಇಳಿಯುತ್ತೇವೆ.

ಅನ್ನ ಒಲೆಯ ಮೇಲಿದೆ. ಒಲೆ ಅಡುಗೆಮನೆಯಲ್ಲಿದೆ. ಹಸುವಿಗೆ ಹುಲ್ಲು ಹಾಕಿ; ಅದು ಮುನಿದರೂ ನಿಮ್ಮಷ್ಟು ದಿನ ಮುನಿಯುವುದಿಲ್ಲ. ಕಾಲಿನ ಗಾಯಕ್ಕೆ ಅರಿಶಿನ ಹಚ್ಚಿಕೊಳ್ಳುವುದನ್ನು ಮರೆಯಬೇಡಿ.

ಅಷ್ಟು ಬೆಟ್ಟವನ್ನು ಮತ್ತೆ ಹತ್ತಿ ಬರುವ ಶಕ್ತಿ ನನಗಿಲ್ಲ, ಮನಸ್ಸೂ ಇಲ್ಲ. ಕರೆದೊಯ್ಯಲು ನೀವೇ ಬರಬೇಕು. ಬಂದವರು ಅಕ್ಕನ ಬಾಗಿಲಲ್ಲಿ ಕೆಮ್ಮುತ್ತ ನಿಲ್ಲಬೇಡಿ. ಒಳಗೆ ಬಂದು ಮಗುವನ್ನು ಎತ್ತಿಕೊಳ್ಳಿ. ಅಲ್ಲಿಯವರೆಗೆ ನಾನು ಅಲ್ಲೇ ಇರುತ್ತೇನೆ.

ವಸಂತ